ಉಣ್ಣೆ ಗಿರಣಿಯಿಂದ ಹುಲ್ಲುಹಾಸಿಗೆ

ಕಳೆದ ಮಳೆಗಾಲದ ಒಂದು ಭಾನುವಾರ ಮಾಜಿವಾಡಾದ ನಮ್ಮ ಸೊಸೈಟಿಯ ಮೈದಾನದಲ್ಲಿ ಒಂದು ಚಪ್ಪಲಿಯ ಮುಂಭಾಗ ತುಂಡಾಯಿತು. ಅದರೊಳಗಿದ್ದ ಹೆಬ್ಬೆರಳು ಉಳಿಯಿತು. ಅದು ಯಾರ ಜಾಣತನದಿಂದಲೂ ಉಳಿದದ್ದಲ್ಲ. ಆ ಹುಡುಗ ತನ್ನ ಅಣ್ಣನ ಚಪ್ಪಲಿ ಹಾಕಿಕೊಂಡು ಬಂದಿದ್ದ, ಅದು ಅವನ ಕಾಲಿಗಿಂತ ಒಂದು ಸೈಜು ದೊಡ್ಡದಿತ್ತು, ಅಷ್ಟೇ.

ಆ ಚಪ್ಪಲಿ ತುಂಡಾದದ್ದಕ್ಕೆ ನನ್ನದೊಂದು ವಾಟ್ಸಪ್ ಸಂದೇಶವೂ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಯಂತ್ರದ ಕಥೆ. ಚಪ್ಪಲಿ ಘಟನೆಯ ನಂತರ ಕೆಲವು ವಾರ ನಾನು ಅದರ ಹಿಂದೆ ಬಿದ್ದಿದ್ದೆ. ಹುಲ್ಲು ಕತ್ತರಿಸುವ ಗಾಡಿಗೂ ಇತಿಹಾಸ ಇರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಸೊಸೈಟಿಗೆ ಸುಮಾರು ಎರಡು ಎಕರೆ ಮೈದಾನವಿದೆ. ಠಾಣೆಯಲ್ಲಿ ಇದು ದೊಡ್ಡ ಭಾಗ್ಯ. ಒಂದು ಕಡೆ ಘೋಡಬಂದರ್ ರಸ್ತೆ, ಇನ್ನೊಂದು ಕಡೆ ನಾಸಿಕ್ ಹೆದ್ದಾರಿ, ನಡುವೆ ಈ ಹಸಿರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹುಲ್ಲು ಬೆಳೆಯುವ ವೇಗ ನೋಡಿದರೆ ಬಯಲುಸೀಮೆಯಿಂದ ಬಂದ ನನಗೆ ಇನ್ನೂ ಆಶ್ಚರ್ಯವಾಗುತ್ತದೆ. ಒಂದು ವಾರ ಬಿಟ್ಟರೆ ಮೊಣಕಾಲು ಮುಟ್ಟುತ್ತದೆ. ಹಿಂದೆ ಹೆಗಲಿಗೆ ತೂಗುಹಾಕಿಕೊಳ್ಳುವ ಬ್ರಷ್ ಕಟರ್‌ನಿಂದ ಕತ್ತರಿಸುತ್ತಿದ್ದರು. ಎರಡು ವರ್ಷದ ಹಿಂದೆ ಕರ್ಜತ್ ಕಡೆಯ ಒಂದು ಫಾರ್ಮ್‌ಹೌಸಿನವರು ಹಳೆಯ ಯಂತ್ರ ಮಾರುತ್ತಿದ್ದಾರೆಂದು ತಿಳಿದು, ಉದ್ಯಾನ ಸಮಿತಿಯ ಕಾರ್ಯದರ್ಶಿಯಾಗಿದ್ದ ನಾನೇ ಮುಂದೆ ನಿಂತು ಕೊಳ್ಳಿಸಿದೆ. ಅದು ಝೀರೋ-ಟರ್ನ್ ಮೋವರ್. ಮೇಲೆ ಕೂತು ಓಡಿಸುವ, ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುವ ಗಾಡಿ.

ಕೊಳ್ಳಿಸಿದ್ದಕ್ಕೆ ನನ್ನದೇ ಒಂದು ಕಾರಣವಿತ್ತು. ಹದಿನೈದು ವರ್ಷದ ಹಿಂದೆ ಆನ್‌ಸೈಟ್ ಕೆಲಸಕ್ಕೆಂದು ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ ಎಂಟು ತಿಂಗಳು ಇದ್ದೆ. ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಮುದುಕ ಇಂಥದೇ ಗಾಡಿಯ ಮೇಲೆ ಕೂತು, ಎರಡು ಹಿಡಿಕೆ ಹಿಡಿದು, ಮರದ ಸುತ್ತ ಕುಣಿಯುವ ಹಾಗೆ ಓಡಿಸುತ್ತಿದ್ದ. ಅದನ್ನು ನೋಡುವಾಗ ನನ್ನ ಕೈ ತುರಿಸುತ್ತಿತ್ತು. ಈ ಗಾಡಿಯ ತವರೂರು ಅಲ್ಲಿಂದ ಮೂರು ತಾಸಿನ ದಾರಿ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

*

ಕ್ಯಾನ್ಸಸ್ ಗೋಧಿಯ ನಾಡು. ಅಲ್ಲಿಯ ಹೆಸ್ಟನ್ ಎಂಬ ಸಣ್ಣ ಊರು ಎರಡನೇ ಮಹಾಯುದ್ಧದ ನಂತರ ಕೃಷಿಯಂತ್ರಗಳಿಗೆ ಹೆಸರಾಯಿತು. ಮೇವನ್ನೋ ಬೆಳೆಯನ್ನೋ ಕತ್ತರಿಸಿ ಉದ್ದಕ್ಕೆ ಸಾಲಾಗಿ ಮಲಗಿಸುತ್ತಾ ಹೋಗುವ ಯಂತ್ರಗಳನ್ನು ಅಲ್ಲಿ ಮಾಡುತ್ತಿದ್ದರು. ಅಂಥ ಯಂತ್ರಕ್ಕೆ ಸ್ಟಿಯರಿಂಗ್ ಚಕ್ರ ಬೇಕಿಲ್ಲ. ಎರಡು ದೊಡ್ಡ ಗಾಲಿಗಳಿಗೆ ಬೇರೆ ಬೇರೆ ವೇಗ ಕೊಟ್ಟರೆ ಸಾಕು, ಉಳಿದ ಸಣ್ಣ ಗಾಲಿಗಳು ಆಫೀಸ್ ಕುರ್ಚಿಯ ಗಾಲಿಗಳಂತೆ ಹಿಂದೆ ಬರುತ್ತವೆ. 1963ರ ಸುಮಾರಿಗೆ ಜಾನ್ ರೆಗಿಯರ್ ಎಂಬ ಕ್ಯಾನ್ಸಸ್‌ನ ರೈತ ಈ ಉಪಾಯವನ್ನು ಹೊಲದಿಂದ ಮನೆಯಂಗಳಕ್ಕೆ ತಂದ. 1964ರಿಂದ ಹೆಸ್ಟನ್‌ನ ಎಕ್ಸೆಲ್ ಕಂಪನಿ ಅದನ್ನು ಹಸ್ಲರ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಅದಕ್ಕೂ ಮೊದಲೇ ಪಕ್ಕದ ಮಿಸೌರಿ ರಾಜ್ಯದಲ್ಲಿ ಮ್ಯಾಕ್ಸ್ ಸ್ವಿಶರ್ ಎಂಬಾತ ನಿಂತಲ್ಲೇ ತಿರುಗುವ ಮೂರು ಗಾಲಿಯ ಗಾಡಿ ಮಾಡಿದ್ದ. ಇವತ್ತಿನ ಝೀರೋ-ಟರ್ನ್‌ಗಳ ಮೈಕಟ್ಟು ಮಾತ್ರ ರೆಗಿಯರ್ ಹಾಕಿಕೊಟ್ಟದ್ದು.

ಒಳಗಿನ ಕೆಲಸ ಸರಳ. ಎಂಜಿನ್ ಒಂದು ಬೆಲ್ಟಿನ ಮೂಲಕ ಎರಡು ಹೈಡ್ರಾಲಿಕ್ ಪಂಪುಗಳನ್ನು ತಿರುಗಿಸುತ್ತದೆ, ಹಿಂದಿನ ಒಂದೊಂದು ಗಾಲಿಗೆ ಒಂದೊಂದು. ಪಂಪಿನೊಳಗೆ ವಾಲಿಸಬಹುದಾದ ಒಂದು ತಟ್ಟೆಯಿದೆ. ನೀವು ಹಿಡಿಕೆಯನ್ನು ಮುಂದೆ ತಳ್ಳಿದರೆ ತಟ್ಟೆ ವಾಲುತ್ತದೆ, ಎಣ್ಣೆ ಹರಿಯುತ್ತದೆ, ಗಾಲಿ ಮುಂದೆ ಹೋಗುತ್ತದೆ. ಹಿಂದೆ ಎಳೆದರೆ ಎಣ್ಣೆ ಉಲ್ಟಾ ಹರಿಯುತ್ತದೆ. ಒಂದು ಹಿಡಿಕೆ ಮುಂದೆ, ಇನ್ನೊಂದು ಹಿಂದೆ ಮಾಡಿದರೆ ಗಾಡಿ ನಿಂತಲ್ಲೇ ಸುತ್ತುತ್ತದೆ. ನಮ್ಮ ಗಾಡಿಯ ಕತ್ತರಿಸುವ ಅಗಲ 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್. ಎರಡು ಎಕರೆ ಎಂದರೆ 8,094 ಚದರ ಮೀಟರ್. ಒಂದು ಸಾಲಿನ ಮೇಲೆ ಇನ್ನೊಂದು ಸ್ವಲ್ಪ ಬರುವಂತೆ ಓಡಿಸಿದರೆ ಸುಮಾರು 8 ಕಿಲೋಮೀಟರ್ ಓಟ, ಒಂದೂವರೆ ತಾಸಿನ ಕೆಲಸ. ಸಮಿತಿಯ ಸಭೆಯಲ್ಲಿ ಈ ಲೆಕ್ಕವನ್ನೇ ತೋರಿಸಿ ನಾನು ಒಪ್ಪಿಗೆ ಪಡೆದಿದ್ದೆ. ಗಾಡಿ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂಬ ಸ್ಲೈಡ್ ಅದರಲ್ಲಿ ಇರಲಿಲ್ಲ.

*

ಜುಲೈಯಲ್ಲಿ ಗಾಡಿ ಒಂದು ವಿಚಿತ್ರ ರೋಗ ತೋರಿಸಿತು. ಎಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಪಾರ್ಕಿಂಗ್ ಬ್ರೇಕ್ ಬಿಟ್ಟ ಕೂಡಲೇ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಕರೆಸಿದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಸರಿಮಾಡಿದ. ಸೀಟಿನ ಕೆಳಗೆ ಒಂದು ಸ್ವಿಚ್ ಕೆಟ್ಟಿದೆ, ಹೊಸದು ತರಿಸಬೇಕು, ಅಲ್ಲಿಯವರೆಗೆ ವೈರು ನೇರ ಜೋಡಿಸಿದ್ದೇನೆ ಎಂದ. ತೋಟ ನೋಡಿಕೊಳ್ಳುವ ಹುಡುಗ ನನಗೆ ಫೋಟೋ ಕಳಿಸಿ, ಹೀಗೇ ನಡೆಸಲೇ ಎಂದು ಕೇಳಿದ. ನಾನು ಆಗ ಯಾವುದೋ ರಿಲೀಸ್ ಕಾಲ್‌ನಲ್ಲಿದ್ದೆ. ಸದ್ಯಕ್ಕೆ ನಡೆಯಲಿ, ಪಾರ್ಟ್ ಬಂದಮೇಲೆ ನೋಡೋಣ ಎಂದು ಬರೆದೆ.

ನಮ್ಮ ವೃತ್ತಿಯವರಿಗೆ ಈ 'ಸದ್ಯಕ್ಕೆ' ಚೆನ್ನಾಗಿ ಗೊತ್ತು. ಪ್ರೊಡಕ್ಷನ್‌ನಲ್ಲಿ ಒಂದು ವರ್ಕ್‌ಅರೌಂಡ್ ಹಾಕಿ ಟಿಕೆಟ್ ಮುಚ್ಚುತ್ತೇವೆ. ಮೂರು ವರ್ಷದ ಮೇಲೆ ಯಾರೋ ಹೊಸ ಹುಡುಗಿ ಕೋಡ್ ಓದುತ್ತಾ ಇದು ಯಾಕೆ ಹೀಗಿದೆ ಎಂದು ಕೇಳುತ್ತಾಳೆ. ಉತ್ತರಿಸಬೇಕಾದವನು ಕಂಪನಿ ಬಿಟ್ಟಿರುತ್ತಾನೆ. ನನ್ನ ಸದ್ಯಕ್ಕೆ ಮೂರು ವಾರ ನಡೆಯಿತು.

ಆ ಭಾನುವಾರ ಹುಡುಗ ಹುಲ್ಲು ಕತ್ತರಿಸುತ್ತಿದ್ದಾಗ ಗಾಡಿಯ ಮುಂದೆ ಮಕ್ಕಳ ಒಂದು ಟೆನಿಸ್ ಚೆಂಡು ಕಂಡಿತು. ಬ್ಲೇಡ್ ತಿರುಗುತ್ತಿರುವಾಗಲೇ ಅವನು ಸೀಟಿನಿಂದ ಇಳಿದು ಬಗ್ಗಿದ. ಹುಲ್ಲು ಒದ್ದೆ, ಕಾಲು ಜಾರಿತು. ಆಮೇಲಿನದು ನಿಮಗೆ ಗೊತ್ತು. ಆ ಸ್ವಿಚ್ ಕೆಲಸ ಮಾಡುತ್ತಿದ್ದರೆ ಅವನು ಸೀಟು ಬಿಟ್ಟ ಕ್ಷಣವೇ ಎಂಜಿನ್ ಮತ್ತು ಬ್ಲೇಡ್ ಎರಡೂ ನಿಲ್ಲುತ್ತಿದ್ದವು. ಸ್ವಿಚ್ ಇರುವುದೇ ಅದಕ್ಕೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದೊಂದು 'ಇಫ್' ಕಂಡೀಷನ್: ಸೀಟಿನಲ್ಲಿ ಮನುಷ್ಯನಿರಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿ ಬ್ಲೇಡ್ ಆಫ್ ಮಾಡಿರಬೇಕು. ಎರಡೂ ಅಲ್ಲದಿದ್ದರೆ ಎಂಜಿನ್ ನಿಲ್ಲಬೇಕು. ಬ್ರೇಕ್ ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತಿದ್ದದ್ದು ರೋಗವೇ ಅಲ್ಲ. ಸೀಟಿನಲ್ಲಿ ಯಾರೂ ಕಾಣುತ್ತಿಲ್ಲ ಎಂದು ಗಾಡಿ ಹೇಳುತ್ತಿತ್ತು. ನಾವು ಅದರ ಬಾಯಿ ಕಟ್ಟಿದೆವು.

ಹುಡುಗ ನಕ್ಕು ಸುಮ್ಮನಾದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

*

ಮರುದಿನ ವಾಚ್‌ಮನ್ ಒಬ್ಬ, ಇಲ್ಲೇ ಹಳೇ ಮಾಜಿವಾಡಾ ಗಾಂವಠಾಣದಲ್ಲಿ ನಿಮ್ಮ ಕಡೆಯ ಮುದುಕನೊಬ್ಬನಿದ್ದಾನೆ, ಮಿಕ್ಸರ್‌ನಿಂದ ಪಂಪಿನವರೆಗೆ ಎಲ್ಲಾ ಬಿಚ್ಚುತ್ತಾನೆ ಎಂದ. ನಮ್ಮ ಕಡೆಯವರು ಅಂದರೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಎಪ್ಪತ್ತು ದಾಟಿದ ವಯಸ್ಸು. ಎಡಗೈಯ ತೋರುಬೆರಳಿನ ತುದಿ ಇಲ್ಲ. ನಾನು ಧಾರವಾಡದವನೆಂದು ಕೇಳಿದ ಕೂಡಲೇ ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ನಾನು ಅವರನ್ನು ಕಾಕಾ ಎಂದೇ ಕರೆದೆ.

ಕಾಕಾ ಗಾಡಿಯನ್ನು ಮುಟ್ಟಲಿಲ್ಲ. ಮೊದಲು ಸುತ್ತ ಒಂದು ಸುತ್ತು ಬಂದರು. ಸೀಟು ಎತ್ತಿ ಕೆಳಗೆ ನೋಡಿದರು. ಕಪ್ಪು ಟೇಪ್ ಸುತ್ತಿದ ವೈರನ್ನು ಬೆರಳಿಂದ ಎತ್ತಿ, "ಮನಶ್ಯಾ ಇಳದ್ರ ಗಾಡಿ ನಿಲ್ಲಬೇಕು ಅಂತ ಯಾವನೋ ಶಾಣ್ಯಾ ಇದನ್ನ ಇಟ್ಟಾನ. ಇದನ್ನ ಕಿತ್ತವ್ರು ಯಾರ್ರಿ ಸಾಹೇಬ್ರ?" ಎಂದರು.

ಮೆಕ್ಯಾನಿಕ್ ಎನ್ನಬಹುದಿತ್ತು. ನಾನೇ ಹೇಳಿದ್ದು ಕಾಕಾ ಎಂದೆ.

ಅವರು ಏನೂ ಅನ್ನಲಿಲ್ಲ. ಎರಡು ಹಿಡಿಕೆ ಆಡಿಸಿ ನೋಡಿದರು. ಇದು ಹೇಗೆ ತಿರುಗುತ್ತದೆ ಎಂದು ನಾನು ಪಂಪು, ತಟ್ಟೆ, ಎಣ್ಣೆ ಎಂದು ವಿವರಿಸತೊಡಗಿದೆ. ಅರ್ಧಕ್ಕೆ ತಡೆದು, "ಜೋಡೆತ್ತಿನ ಬುದ್ಧೀನ ಐತಿ ಬಿಡ್ರಿ ಇದು. ಹೊಲದ ಮೂಲಿಗೆ ಬಂದಾಗ ಒಳಗಿನ ಎತ್ತು ತರಬಿ, ಹೊರಗಿನ ಎತ್ತು ನಡಸೂದಿಲ್ಲೇನು? ಕುಂಟಿ ನಿಂತಲ್ಲೇ ತಿರಗತೈತಿ" ಎಂದರು. ಕ್ಯಾನ್ಸಸ್‌ನ ರೈತ ಕಂಡುಹಿಡಿದದ್ದು ಇಂಡಿಯ ರೈತನಿಗೆ ಒಂದು ನಿಮಿಷದಲ್ಲಿ ತಿಳಿಯಿತು.

ಆದರೆ ಕಾಕಾ ನನಗೆ ನಿಜವಾದ ಪಾಠ ಹೇಳಿದ್ದು ಸ್ಟೋರ್ ರೂಮಿನಲ್ಲಿ. ಪಾನಾ ತರಲು ಒಳಗೆ ಹೋದಾಗ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಕೈಯಿಂದ ತಳ್ಳುವ ಹಳೇ ಮೋವರ್ ಕಂಡಿತು. ಅಡ್ಡಲಾಗಿ ಒಂದು ಉರುಳೆ, ಅದಕ್ಕೆ ಸುರುಳಿಯಾಗಿ ಸುತ್ತಿಕೊಂಡ ಐದು ಅಲಗು, ಕೆಳಗೆ ಅಲುಗದ ಒಂದು ಚಪ್ಪಟೆ ಅಲಗು. ಕಾಕಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉರುಳೆಯನ್ನು ಮೆಲ್ಲಗೆ ತಿರುಗಿಸಿದರು. "ಇದು ಹುಲ್ಲಿನ ಮಷೀನ್ ಅಲ್ರಿ. ಇದು ನಮ್ಮ ಶಿಯರಿಂಗ್ ಮಷೀನ್" ಎಂದರು.

ಕಾಕಾ ಇಪ್ಪತ್ತು ವರ್ಷಕ್ಕೂ ಮೇಲೆ ಠಾಣೆಯ ಉಣ್ಣೆ ಗಿರಣಿಯೊಂದರ ಫಿನಿಶಿಂಗ್ ಖಾತೆಯಲ್ಲಿದ್ದವರು. ಉಣ್ಣೆ ಬಟ್ಟೆ ಮಗ್ಗದಿಂದ ಬಂದಾಗ ಅದರ ಮೇಲೆ ಕೂದಲು ಎದ್ದಿರುತ್ತದೆ. ಆ ಕೂದಲನ್ನು ಒಂದೇ ಎತ್ತರಕ್ಕೆ ಸವರಿದರೆ ಬಟ್ಟೆ ನುಣುಪಾಗುತ್ತದೆ. ಸವರುವುದು ಸುರುಳಿ ಅಲಗಿನ ಉರುಳೆ, ಕೆಳಗೆ ಅಲುಗದ ಚಪ್ಪಟೆ ಅಲಗು. ಬಟ್ಟೆ ನಡುವೆ ಹಾಯುತ್ತದೆ. ಕಾಕಾ ಮೂವತ್ತು ವರ್ಷದ ಹಿಂದೆ ಬಿಟ್ಟ ಯಂತ್ರವನ್ನು ಹುಲ್ಲಿನ ಯಂತ್ರದಲ್ಲಿ ಗುರುತಿಸಿದ್ದರು.

ಅದು ಕೇವಲ ಹೋಲಿಕೆ ಎಂದುಕೊಂಡು ನಾನು ಆ ರಾತ್ರಿ ಓದಲು ಕೂತೆ. ಹೋಲಿಕೆಯಾಗಿರಲಿಲ್ಲ, ವಂಶಾವಳಿಯಾಗಿತ್ತು.

*

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸ್ಟ್ರೌಡ್ ಎಂಬ ಊರಿದೆ. ಅದರ ಸುತ್ತಲಿನ ಕಣಿವೆಗಳು ಉಣ್ಣೆ ಬಟ್ಟೆಗೆ ಪ್ರಸಿದ್ಧ. ಅಲ್ಲಿಯ ಬ್ರಿಮ್ಸ್‌ಕೂಂಬ್ ಎಂಬಲ್ಲಿ ಜಾನ್ ಲೂಯಿಸ್ 1815ರಲ್ಲಿ ಉಣ್ಣೆ ಸವರುವ ತಿರುಗು ಯಂತ್ರಕ್ಕೆ ಪೇಟೆಂಟ್ ಪಡೆದ. ಪಕ್ಕದ ಥ್ರಪ್‌ನಲ್ಲಿ ಎಡ್ವಿನ್ ಬಿಯರ್ಡ್ ಬಡಿಂಗ್ ಎಂಬ ಯಂತ್ರ ಕುಶಲಿಯಿದ್ದ. ಗಿರಣಿಗಳ ಯಂತ್ರ ಮಾಡುವುದು, ದುರಸ್ತಿ ಮಾಡುವುದು ಅವನ ಕೆಲಸ. ಉಣ್ಣೆಯ ಕೂದಲು ಸವರುವ ಯಂತ್ರ ನೆಲದ ಹುಲ್ಲನ್ನು ಯಾಕೆ ಸವರಬಾರದು ಎಂದು ಅವನಿಗೆ ಹೊಳೆಯಿತು. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಬಂಡವಾಳ ಹಾಕಿದವನು ಜಾನ್ ಫೆರಬಿ. ಮೊದಲ ಯಂತ್ರದ ಅಗಲ 19 ಇಂಚು, ಮೈಯೆಲ್ಲಾ ಕಬ್ಬಿಣ. ನೆರೆಯವರು ಹುಚ್ಚನೆಂದಾರು ಎಂದು ಬಡಿಂಗ್ ರಾತ್ರಿ ಹೊತ್ತು ಅದನ್ನು ಪರೀಕ್ಷಿಸುತ್ತಿದ್ದ ಎಂದು ಹೇಳುವುದುಂಟು. ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನ ಮೃಗಾಲಯ ಮೊದಲ ಗಿರಾಕಿಗಳಲ್ಲಿ ಒಂದು. 1832ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ತಯಾರಿಸುವ ಹಕ್ಕು ಪಡೆಯಿತು.

ಅಲ್ಲಿಯವರೆಗೆ ಇಂಗ್ಲೆಂಡಿನ ಹುಲ್ಲುಹಾಸು ಶ್ರೀಮಂತರ ಸೊತ್ತು. ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು ಇಬ್ಬನಿ ಆರುವ ಮೊದಲೇ ಬೀಸಿ ಕತ್ತರಿಸಬೇಕಿತ್ತು. ಬಡಿಂಗ್‌ನ ಯಂತ್ರ ಆ ಹುಲ್ಲನ್ನು ಸಾಮಾನ್ಯರ ಮನೆ ಮುಂದಕ್ಕೂ ಆಟದ ಮೈದಾನಕ್ಕೂ ತಂದಿತು. ದೊಡ್ಡ ಯಂತ್ರಗಳನ್ನು ಅಲ್ಲಿ ಕುದುರೆ ಎಳೆಯುತ್ತಿತ್ತು, ಗೊರಸಿನ ಗುರುತು ಬೀಳದಂತೆ ಅದರ ಕಾಲಿಗೆ ಚರ್ಮದ ಬೂಟು. ನಮ್ಮ ದೇಶದಲ್ಲಿ ಆ ನೊಗಕ್ಕೆ ಎತ್ತುಗಳು ಬಂದವು. ತಾಜಮಹಲಿನ ಮುಂದೆ ಎತ್ತುಗಳು ಹುಲ್ಲು ಕತ್ತರಿಸುವ ಯಂತ್ರ ಎಳೆಯುವ ಫೋಟೋಗಳನ್ನು ನೀವೂ ನೋಡಿರಬಹುದು. 1902ರಲ್ಲಿ ಅದೇ ರಾನ್ಸಮ್ಸ್ ಪೆಟ್ರೋಲ್ ಎಂಜಿನ್ನಿನ ಮೋವರ್ ತಂದಿತು.

ಕಾಕಾನ ಕೈಯಲ್ಲಿದ್ದ ಪಾನಾಕ್ಕೂ ಬಡಿಂಗ್‌ಗೂ ನಂಟಿದೆ. ತಿರುಪಿನಿಂದ ಬಾಯಿ ಹಿಗ್ಗಿಸಿ ಕುಗ್ಗಿಸುವ ಪಾನಾದ ಒಂದು ಮೊದಲ ರೂಪವೂ ಅವನದೇ. ಇಷ್ಟೆಲ್ಲ ಮಾಡಿ ಅವನು 1846ರಲ್ಲಿ ತೀರಿಕೊಂಡ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಜಾಣನೊಬ್ಬನ ಸುಂದರ ಕಥೆಯಾಗುತ್ತಿತ್ತು. ಆದರೆ ಆ ಉಣ್ಣೆ ಸವರುವ ಯಂತ್ರ ಬರುವ ಮೊದಲು ಉಣ್ಣೆಯನ್ನು ಸವರುತ್ತಿದ್ದವರು ಯಾರು? ಕ್ರಾಪರ್‌ಗಳು ಎಂಬ ಕುಶಲ ಕೆಲಸಗಾರರು. ಸುಮಾರು 18 ಕಿಲೋ ತೂಕದ ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಕೂದಲೆಳೆಯ ಲೆಕ್ಕದಲ್ಲಿ ಸವರುತ್ತಿದ್ದರು. ಒಳ್ಳೆಯ ಕೂಲಿ, ಊರಲ್ಲಿ ಮರ್ಯಾದೆ. ಮೊದಲು ಬಂದದ್ದು ಆ ಕತ್ತರಿಗಳನ್ನೇ ಚೌಕಟ್ಟಿಗೆ ಕಟ್ಟಿ ನೀರಿನ ಬಲದಿಂದ ನಡೆಸುವ ಯಂತ್ರ. 1812ರಲ್ಲಿ ಯಾರ್ಕ್‌ಶೈರ್‌ನ ಕ್ರಾಪರ್‌ಗಳು ರಾತ್ರಿ ಗಿರಣಿಗಳಿಗೆ ನುಗ್ಗಿ ಸುತ್ತಿಗೆಯಿಂದ ಅವನ್ನು ಒಡೆದರು. ಏಪ್ರಿಲ್‌ನಲ್ಲಿ ರಾಫೋಲ್ಡ್ಸ್ ಗಿರಣಿಯ ಮೇಲೆ ದಾಳಿ ನಡೆಯಿತು. 1813ರ ಜನವರಿಯಲ್ಲಿ ಯಾರ್ಕ್‌ನಲ್ಲಿ 17 ಜನರನ್ನು ಗಲ್ಲಿಗೇರಿಸಿದರು. ಲಡ್ಡೈಟ್ ಎಂದು ಇಂದು ನಾವು ಹೊಸ ತಂತ್ರಜ್ಞಾನ ಬೇಡವೆನ್ನುವವರನ್ನು ಗೇಲಿ ಮಾಡುತ್ತೇವಲ್ಲ, ಆ ಹೆಸರಿನ ಒಂದು ಬೇರು ಇಲ್ಲಿದೆ. ಎರಡೇ ವರ್ಷದ ಮೇಲೆ ಲೂಯಿಸ್‌ನ ತಿರುಗು ಯಂತ್ರ ಬಂತು. ಕ್ರಾಪರ್‌ಗಳ ಕಸುಬು ಮುಗಿಯಿತು.

ಅಂದರೆ ನಮ್ಮ ಸ್ಟೋರ್ ರೂಮಿನ ಆ ತುಕ್ಕು ಹಿಡಿದ ಮೋವರ್ ಒಂದು ಕಸುಬನ್ನು ನುಂಗಿದ ಯಂತ್ರದ ಮಗು. ಎಐ ಬಂದ ಮೇಲೆ ನಮ್ಮ ಟೀಮ್‌ನಲ್ಲಿ ಎಷ್ಟು ತಲೆ ಉಳಿಯುತ್ತವೆ ಎಂದು ಪ್ರತಿ ತಿಂಗಳು ಲೆಕ್ಕ ಕೊಡುವ ನನಗೆ ಆ 17 ಜನ ಮುಂಚಿನಷ್ಟು ದೂರದವರೆನಿಸಲಿಲ್ಲ.

*

ಠಾಣೆಗೂ ಈ ಕಥೆಯಲ್ಲಿ ಪಾಲಿದೆ. 1925ರಲ್ಲಿ ಇಲ್ಲಿ ಒಂದು ಸಣ್ಣ ಉಣ್ಣೆ ಗಿರಣಿ ಆರಂಭವಾಯಿತು. ಅದೇ ಮುಂದೆ ರೇಮಂಡ್ ಆಯಿತು. 1944ರಲ್ಲಿ ಸಿಂಘಾನಿಯಾ ಮನೆತನದ ಕೈಗೆ ಬಂತು. ಗಿರಣಿಯ ಸುತ್ತ ಬೆಳೆದ ಜೇಕೆಗ್ರಾಮ್ ಮಾಜಿವಾಡಾದಿಂದ ದೂರವೇನಲ್ಲ. ಇಲ್ಲಿಯ ಮಗ್ಗಗಳು ನಿಂತು ಬಹಳ ವರ್ಷಗಳಾದವು. 2019ರಿಂದ ಕಂಪನಿಯೇ ಆ ಜಮೀನಿನಲ್ಲಿ ವಸತಿ ಗೋಪುರಗಳನ್ನು ಕಟ್ಟತೊಡಗಿತು. ಬೆಂಗಳೂರಿನಲ್ಲೂ ಇದೇ ಕಥೆ. 1884ರಲ್ಲಿ ಶುರುವಾದ ಬೆಂಗಳೂರು ವೂಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸನ್ನು ಜನ ಬಿನ್ನಿ ಮಿಲ್ ಎಂದು ಕರೆದರು. ಈಗ ಅಲ್ಲಿ ಅಪಾರ್ಟ್‌ಮೆಂಟು, ಮಾಲು. ಉಣ್ಣೆ ಸವರುತ್ತಿದ್ದ ಜಾಗಗಳಲ್ಲಿ ಈಗ ಹುಲ್ಲು ಸವರುತ್ತಾರೆ. ಬಡಿಂಗ್ ಕಂಡ ಹಾದಿಯನ್ನೇ ನಮ್ಮ ಊರುಗಳೂ ತುಳಿದಿವೆ.

ಕಾಕಾ ಇಪ್ಪತ್ತರ ಹರೆಯದಲ್ಲಿ ಬರಗಾಲದ ವರ್ಷ ಊರು ಬಿಟ್ಟು ಬಂದವರು. ಹಗಲು ಗಿರಣಿ, ಸಂಜೆ ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆ. ಬೆರಳಿನ ತುದಿ ಗಿರಣಿಯಲ್ಲಿ ಹೋಯಿತೇ ಎಂದು ಕೇಳಿದೆ. "ಗಿರಣ್ಯಾಗ ಜಾಳಿ ತಗದು ಮಷೀನ್ ನಡಸಿದ್ರ ಅದ ದಿನ ಮನಿಗೆ ಕಳಸ್ತಿದ್ರು. ಇದು ಊರಾಗ, ಕಣಿಕಿ ಕತ್ತರಸೂ ಮಷೀನ್‌ದಾಗ ಹೋತು" ಎಂದರು. ಎತ್ತಿಗೆ ಮೇವು ಕೊಚ್ಚುವಾಗ. ಅದೂ ಹುಲ್ಲು ಕತ್ತರಿಸುವ ಯಂತ್ರವೇ.

ಗಿರಣಿಯ ಶಿಸ್ತಿನ ಹಿಂದೆ ಕಾನೂನಿತ್ತು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಹಾಕಲೇಬೇಕೆಂದಿತು. ಹೊಲದ ಯಂತ್ರಗಳ ಸರದಿ ಬಂದದ್ದು ತಡವಾಗಿ. ತೆನೆ ಬಡಿಯುವ ಯಂತ್ರಕ್ಕೆ ಕೈ ಕಳೆದುಕೊಂಡವರು ಹೆಚ್ಚಾದ ಮೇಲೆ, 1983ರಲ್ಲಿ, ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಅಮೆರಿಕದಲ್ಲಿ 1982ರ ನಿಯಮದ ಪ್ರಕಾರ ತಳ್ಳುವ ಮೋವರ್‌ನ ಹಿಡಿ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಕೂತು ಓಡಿಸುವ ಗಾಡಿಗಳ ಸೀಟಿನ ಸ್ವಿಚ್ ಇದೇ ಬುದ್ಧಿಯದು. ಝೀರೋ-ಟರ್ನ್‌ನ ಬ್ಲೇಡ್ ಬಡಿಂಗ್‌ನ ಅಲಗಿನಂತೆ ಕತ್ತರಿಯಾಡುವುದಿಲ್ಲ. ಫ್ಯಾನಿನಂತೆ ತಿರುಗಿ ಹೊಡೆಯುತ್ತದೆ, ತುದಿಯ ವೇಗ ಸೆಕೆಂಡಿಗೆ 90 ಮೀಟರ್ ಮುಟ್ಟಬಹುದು. ಅದರ ಮುಂದೆ ಚಪ್ಪಲಿ ಎಷ್ಟರದು?

ನಮ್ಮ ಸೊಸೈಟಿ ಕಾರ್ಖಾನೆಯೂ ಅಲ್ಲ, ಹೊಲವೂ ಅಲ್ಲ. ಇಲ್ಲಿ ಜಾಳಿ ತೆಗೆದರೆ ಮನೆಗೆ ಕಳಿಸುವವರು ಯಾರು? ನಾನೇ ಆಗಬೇಕಿತ್ತು.

*

ಕಾಕಾ ಗಾಡಿಯನ್ನು ಸರಿಮಾಡಲು ಎರಡು ಭಾನುವಾರ ತೆಗೆದುಕೊಂಡರು. ನಾನು ಪಕ್ಕದಲ್ಲಿ ಕೂತು ಪಾನಾ ಕೊಡುವ ಕೆಲಸ ಮಾಡಿದೆ.

ಮೊದಲು ಸ್ವಿಚ್. ಟೇಪಿನ ವೈರು ಕಿತ್ತು ಹಾಕಿದರು. ಕನೆಕ್ಟರ್ ಬಿಚ್ಚಿದಾಗ ಒಳಗೆಲ್ಲಾ ಹಸಿರು ಕಿಲುಬು. ಸ್ವಿಚ್ ಕೆಟ್ಟೇ ಇರಲಿಲ್ಲ. ಮಳೆಯಲ್ಲಿ ಸೀಟು ನೆನೆದು ನೀರು ಇಳಿದಿತ್ತು. ಕೆರೆದು, ಒಣಗಿಸಿ, ಗ್ರೀಸ್ ಹಚ್ಚಿ ಜೋಡಿಸಿದರು. ಖರ್ಚು ಏನೂ ಇಲ್ಲ. ನನ್ನ ಸದ್ಯಕ್ಕೆಯ ಮೂರು ವಾರಕ್ಕೆ ಬೇಕಿದ್ದದ್ದು ಅರ್ಧ ತಾಸು.

ಗಾಡಿ ಬಲಕ್ಕೆ ಎಳೆಯುತ್ತಿತ್ತು. ಪಂಪಿನ ಹೊಂದಾಣಿಕೆ ತಪ್ಪಿರಬೇಕೆಂದು ನಾನು ಕೈಪಿಡಿ ತೆರೆದೆ. ಕಾಕಾ ಹಿಂದಿನ ಎರಡೂ ಟೈರ್‌ಗಳ ಗಾಳಿ ಅಳೆದರು. ಬಲಗಡೆಯದರಲ್ಲಿ ಕಡಿಮೆ ಇತ್ತು. ಗಾಳಿ ಸಮ ಮಾಡಿದ ಮೇಲೆ ಗಾಡಿ ನೆಟ್ಟಗೆ ಓಡಿತು. ಗಾಳಿ ನೋಡದೆ ಸ್ಕ್ರೂ ತಿರುಗಿಸಿದ್ದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತಾಗುತ್ತಿತ್ತು.

ಎಂಜಿನ್ ಮುಗ್ಗರಿಸುತ್ತಿತ್ತು. ಕಾರ್ಬ್ಯುರೇಟರಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದರು. ತಳದಲ್ಲಿ ಬೇರೆಯೇ ಒಂದು ಪದರ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಹೆಚ್ಚಾದರೆ ನೀರಿನೊಂದಿಗೆ ಕೆಳಗೆ ಇಳಿಯುತ್ತದೆ. ಮಳೆಗಾಲದ ಠಾಣೆಯಲ್ಲಿ ಗಾಡಿಯೊಳಗೆ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬಾರದು. ತಳ ತೊಳೆದು, ಜೆಟ್ ಊದಿ, ಹೊಸ ಪೆಟ್ರೋಲ್ ಹಾಕಿದ್ದಾಯಿತು.

ಹೈಡ್ರಾಲಿಕ್ ಎಣ್ಣೆ ಕಪ್ಪಾಗಿತ್ತು. ಕೈಪಿಡಿ 20ಡಬ್ಲ್ಯೂ-50 ಎಂಜಿನ್ ಆಯಿಲ್ ಹೇಳಿತ್ತು, ಅದನ್ನೇ ತುಂಬಿ ಫಿಲ್ಟರ್ ಬದಲಿಸಿದೆವು. ಆಮೇಲೆ ಗಾಡಿ ಕದಲಲೇ ಇಲ್ಲ. ಎಂಜಿನ್ ಓಡುತ್ತಿದೆ, ಹಿಡಿಕೆ ತಳ್ಳಿದರೆ ಗಾಲಿ ಸುಮ್ಮನಿದೆ. ಪಂಪು ಹೋಯಿತೆಂದು ನನ್ನ ಎದೆ ಹೊಡೆದುಕೊಂಡಿತು. ಕಾಕಾ ಹಿಂದೆ ಬಗ್ಗಿ ಎರಡು ಸಣ್ಣ ಸರಳು ಒಳಗೆ ತಳ್ಳಿದರು. ಬಂದ್ ಗಾಡಿಯನ್ನು ಕೈಯಿಂದ ತಳ್ಳಲು ಎಣ್ಣೆಗೆ ಅಡ್ಡದಾರಿ ಬಿಡುವ ಕವಾಟ ಅವು. ಶೆಡ್ಡಿಗೆ ತಳ್ಳಿಕೊಂಡು ಬಂದವನು ನಾನೇ, ಮುಚ್ಚಲು ಮರೆತವನೂ ನಾನೇ.

ಆದರೂ ಗಾಡಿ ತೆವಳುತ್ತಿತ್ತು, ಗುರಗುರ ಸದ್ದು. ಎಣ್ಣೆ ಬದಲಿಸಿದಾಗ ಒಳಗೆ ಗಾಳಿ ಸೇರಿರುತ್ತದೆ. ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಭದ್ರವಾಗಿ ಆಧಾರ ಕೊಟ್ಟು, ಮುಂದಿನ ಗಾಲಿಗೆ ಕಲ್ಲು ಇಟ್ಟು, ಕವಾಟ ತೆರೆದು ಎಂಜಿನ್ ಓಡಿಸಿ ಹಿಡಿಕೆಗಳನ್ನು ಮೆಲ್ಲಗೆ ಐದಾರು ಸಲ ಹಿಂದೆ ಮುಂದೆ ಆಡಿಸಬೇಕು. ಆಮೇಲೆ ಕವಾಟ ಮುಚ್ಚಿ ಮತ್ತೆ ಐದಾರು ಸಲ. ಸದ್ದು ಇಳಿಯಿತು. ಎಣ್ಣೆಯ ಮಟ್ಟ ನೋಡಿ ಸ್ವಲ್ಪ ಸೇರಿಸಿದೆವು.

ಕೊನೆಗೆ ಬ್ಲೇಡ್. ಪ್ಲಗ್ಗಿನ ವೈರು ಕಿತ್ತಿಟ್ಟ ಮೇಲೆಯೇ ಕಾಕಾ ಡೆಕ್ಕಿನ ಕೆಳಗೆ ಕೈ ಹಾಕಿದರು. ಕತ್ತರಿಸಿದ ಹುಲ್ಲಿನ ತುದಿ ಬಿಳಿಚಿ ನಾರುನಾರಾಗಿದ್ದರೆ ಅಲಗು ಮೊಂಡಾಗಿದೆ ಎಂದರ್ಥ. ಅರ ಹಾಕಿ, ಗೋಡೆಯ ಮೊಳೆಗೆ ನಡುತೂತಿನಿಂದ ತೂಗುಹಾಕಿದರು. ಒಂದು ಕಡೆ ಇಳಿಯಿತು. ಇಳಿದ ಕಡೆ ಇನ್ನಷ್ಟು ಅರ. ಸಮವಾಗಿ ನಿಲ್ಲುವವರೆಗೆ ಬಿಡಲಿಲ್ಲ. ತೂಕ ತಪ್ಪಿದ ಬ್ಲೇಡ್ ಬೇರಿಂಗನ್ನು ತಿನ್ನುತ್ತದೆ.

ಅಷ್ಟಾದ ಮೇಲೆ ಯಾರೂ ಕೇಳದಿದ್ದರೂ ಕಾಕಾ ಸ್ಟೋರ್ ರೂಮಿನ ಹಳೇ ಮೋವರನ್ನು ಹೊರಗೆ ತಂದರು. ಎಮರಿ ಪೇಸ್ಟ್ ಹಚ್ಚಿ ಉರುಳೆಯನ್ನು ಉಲ್ಟಾ ತಿರುಗಿಸಿ ಎರಡೂ ಅಲಗನ್ನು ಒಂದಕ್ಕೊಂದು ತೇಯ್ದರು, ಗಿರಣಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಆಮೇಲೆ ಒಂದು ತೆಳು ಕಾಗದ ಅಲಗುಗಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿದರು. ಕಾಗದ ಸರಕ್ಕೆಂದು ಎರಡಾಯಿತು. ಉರುಳೆಯ ಈ ತುದಿಯಿಂದ ಆ ತುದಿಯವರೆಗೆ ಹಾಗೆ ನೋಡಿದರು. "ಇಷ್ಟ ಇದ್ರ ಸಾಕು. ಉಣ್ಣಿಗೂ ಇದ, ಹುಲ್ಲಿಗೂ ಇದ" ಎಂದು ಎದ್ದರು.

ಸಮಿತಿಯ ಮುಂದಿನ ಸಭೆಯಲ್ಲಿ ನಿರ್ವಹಣೆಯನ್ನು ಹೊರಗಿನ ಏಜೆನ್ಸಿಗೆ ಕೊಡಬೇಕೆಂಬ ಮಾತು ಬಂತು. ಬಿಲ್ ಸಿಗುತ್ತದೆ, ಜವಾಬ್ದಾರಿ ಅವರದು ಎಂದರು. ನಾನು ಆ ವಾಟ್ಸಪ್ ಸಂದೇಶವನ್ನು ಎಲ್ಲರಿಗೂ ತೋರಿಸಿದೆ. ಜವಾಬ್ದಾರಿ ಯಾರದಾಗಿತ್ತು ಎಂಬುದು ಅದರಲ್ಲಿದೆ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ತಿಂಗಳಿಗೆ ಎರಡು ಸಲ ಕಾಕಾ ಬರುವುದು, ತೋಟದ ಹುಡುಗ ಅವರ ಜೊತೆ ಕೂತು ಕಲಿಯುವುದು, ಇಬ್ಬರಿಗೂ ಅದಕ್ಕೆ ಹಣ ಕೊಡುವುದು ಎಂದು ಠರಾವಾಯಿತು. ಹುಡುಗನಿಗೆ ಗಟ್ಟಿ ಬೂಟು ಕೊಡಿಸಿದೆವು, ಅವನ ಸೈಜಿನದೇ.

ಈಗ ಹುಡುಗ ಪ್ರತಿ ಸಲ ಗಾಡಿ ಹತ್ತುವ ಮೊದಲು ಒಂದು ಪರೀಕ್ಷೆ ಮಾಡುತ್ತಾನೆ. ಬಯಲಲ್ಲಿ ಎಂಜಿನ್ ಶುರುಮಾಡಿ, ಬ್ಲೇಡ್ ಹಾಕಿ, ಸೀಟಿನಿಂದ ಅರ್ಧ ಏಳುತ್ತಾನೆ. ಎಂಜಿನ್ ನಿಲ್ಲಬೇಕು. ನಿಂತರೆ ಮಾತ್ರ ಆ ದಿನದ ಕೆಲಸ.

ಗಣೇಶ ಚತುರ್ಥಿಗೆ ಮೊದಲು ಮೈದಾನದ ಒಂದು ಮೂಲೆಯನ್ನು ಕತ್ತರಿಸದೆ ಬಿಡುತ್ತೇವೆ. ನಮ್ಮ ಕ್ರಿಕೆಟ್ ಮೈದಾನಗಳ ಬರ್ಮುಡಾ ಹುಲ್ಲೇ ನಮ್ಮ ಗರಿಕೆ, ಇಲ್ಲಿಯವರ ದೂರ್ವಾ. ಅಕ್ಕಪಕ್ಕದ ಮನೆಯವರು ಬೆಳಿಗ್ಗೆ ಬಂದು ಬೆರಳಿನಿಂದ ಆರಿಸಿ ಕಿತ್ತುಕೊಂಡು ಹೋಗುತ್ತಾರೆ. ಈ ವರ್ಷ ಕಾಕಾ ಕೂಡ ಬಂದಿದ್ದರು. ತುದಿಯಿಲ್ಲದ ಬೆರಳಿನಿಂದ ಎಣಿಸಿ ಇಪ್ಪತ್ತೊಂದು ಎಸಳು ಕಿತ್ತುಕೊಂಡರು. ಆಮೇಲೆ ಶೆಡ್ಡಿಗೆ ಹೋಗಿ ಸೀಟು ಎತ್ತಿ ಕೆಳಗೆ ಒಮ್ಮೆ ನೋಡಿ ಬಂದರು.